ಪೆನಾಂಗ್‌ನ ಜಾರ್ಜ್ ಟೌನ್: ಬ್ಯಾಕ್‌ಪ್ಯಾಕ್ ಹಾಕಿಕೊಂಡು ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಲೇಷ್ಯಾಕ್ಕೆ ಹೋಗುವ ನಮ್ಮ ಕಡೆಯವರು ಸಾಮಾನ್ಯವಾಗಿ ಕ್ವಾಲಾಲಂಪುರ, ಗೆಂಟಿಂಗ್, ಲಂಕಾವಿ ನೋಡಿಕೊಂಡು ವಾಪಸ್ ಬರುತ್ತಾರೆ. ಪೆನಾಂಗ್ ಕಡೆ ತಲೆ ಹಾಕುವವರು ಕಡಿಮೆ. ಹೋಗಬೇಕು ಅಂದುಕೊಂಡವರು ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಇವೇ. ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ: ಈ ಊರಲ್ಲಿ ಕಡಿಮೆ ಜಾಗ ನೋಡಿ, ಒಂದೊಂದು ಜಾಗದಲ್ಲೂ ಜಾಸ್ತಿ ಹೊತ್ತು ಕೂತುಕೊಳ್ಳಿ.

ಪೆನಾಂಗ್, ಜಾರ್ಜ್ ಟೌನ್ ಎರಡೂ ಒಂದೇನಾ?

ಪೆನಾಂಗ್ ಒಂದು ರಾಜ್ಯ. ಅದರ ಒಂದು ಭಾಗ ದ್ವೀಪ, ಇನ್ನೊಂದು ಭಾಗ ಎದುರಿನ ದಡದಲ್ಲಿದೆ. ದ್ವೀಪದ ಈಶಾನ್ಯ ಮೂಲೆಯಲ್ಲಿರುವ ಹಳೇ ಬಂದರು ಪಟ್ಟಣವೇ ಜಾರ್ಜ್ ಟೌನ್. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಲೈಟ್ ಇಲ್ಲಿ ಬಂದಿಳಿದು ಬಂದರು ಶುರುಮಾಡಿದ. ಊರಿಗೆ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್‌ನ ಹೆಸರಿಟ್ಟರು. ಸುಂಕವಿಲ್ಲದ ಬಂದರು ಆಗಿದ್ದರಿಂದ ಚೀನಾದ ಫುಜಿಯಾನ್‌ನಿಂದ, ತಮಿಳುನಾಡಿನ ಕರಾವಳಿಯಿಂದ, ಸುಮಾತ್ರಾದಿಂದ, ಬರ್ಮಾದಿಂದ ಜನ ಬಂದರು. ಬಂದವರಲ್ಲಿ ಎಷ್ಟೋ ಮಂದಿ ಇಲ್ಲೇ ನೆಲೆಸಿದರು. ಮಲಕ್ಕಾ ಜೊತೆಗೆ ಈ ಹಳೇ ಪಟ್ಟಣವೂ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಬೆಂಗಳೂರಿನಿಂದ ಹೋಗೋದು ಹೇಗೆ?

ಚೆನ್ನೈನಿಂದ ಪೆನಾಂಗ್‌ಗೆ 2024ರ ಡಿಸೆಂಬರ್‌ನಲ್ಲಿ ನೇರ ವಿಮಾನ ಶುರುವಾಯಿತು. ಬೆಂಗಳೂರಿನಿಂದಾದರೆ ಕ್ವಾಲಾಲಂಪುರಕ್ಕೆ ನೇರ ವಿಮಾನವಿದೆ, ಅಲ್ಲಿಂದ ಇನ್ನೊಂದು ವಿಮಾನ ಹಿಡಿಯಬಹುದು. ಆದರೆ ಸಮಯ ಇದ್ದರೆ ದಯವಿಟ್ಟು ರೈಲಿನಲ್ಲಿ ಹೋಗಿ. ಕ್ವಾಲಾಲಂಪುರದ ಕೆಎಲ್ ಸೆಂಟ್ರಲ್ ನಿಲ್ದಾಣದಿಂದ ದ್ವೀಪದ ಎದುರು ದಡದ ಬಟರ್‌ವರ್ತ್‌ಗೆ ಇಟಿಎಸ್ ಅನ್ನುವ ವೇಗದ ರೈಲಿನಲ್ಲಿ ಸುಮಾರು ನಾಲ್ಕು ತಾಸು. ಬಟರ್‌ವರ್ತ್ ನಿಲ್ದಾಣದಿಂದ ನಡೆದುಕೊಂಡೇ ಫೆರಿ ಹತ್ತುವ ಜಾಗಕ್ಕೆ ಹೋಗಬಹುದು.

ಫೆರಿಯಲ್ಲಿ ಹತ್ತು, ಹದಿನೈದು ನಿಮಿಷದ ದಾರಿ. ಕೆಲಸಕ್ಕೆ ಹೋಗುವವರು, ಸ್ಕೂಟರ್ ಹತ್ತಿಸಿಕೊಂಡವರು, ತರಕಾರಿ ಚೀಲ ಹಿಡಿದ ಆಂಟಿಯರು ಎಲ್ಲರೂ ಇರುತ್ತಾರೆ. ಎದುರಿಗೆ ಕಾಮ್ತಾರ್ ಗೋಪುರ, ಅದರ ಹಿಂದೆ ಹಸಿರು ಗುಡ್ಡ, ನೀರಿನ ಅಂಚಿನಲ್ಲಿ ಕಂಬಗಳ ಮೇಲೆ ನಿಂತ ಮರದ ಮನೆಗಳು ನಿಧಾನಕ್ಕೆ ದೊಡ್ಡದಾಗುತ್ತಾ ಬರುತ್ತವೆ. 1985ರಲ್ಲಿ ಕಟ್ಟಿದ 13.5 ಕಿಲೋಮೀಟರ್ ಉದ್ದದ ಸೇತುವೆ ಇದೆ, 2014ರಲ್ಲಿ ಆದ ಎರಡನೆಯದೂ ಇದೆ. ಬಸ್ಸಿನಲ್ಲಿ ಸೇತುವೆ ದಾಟಿದರೆ ದ್ವೀಪಕ್ಕೆ ಬಂದ ಹಾಗೇ ಅನಿಸುವುದಿಲ್ಲ.

ವೀಸಾ ಬೇಕಾ?

2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದ ತನಕ ವೀಸಾ ಇಲ್ಲದೆ ಬಿಡುತ್ತಿದ್ದಾರೆ. ಈ ಸೌಲಭ್ಯವನ್ನು ಆಗಾಗ ಮುಂದುವರಿಸುತ್ತಾ ಬಂದಿದ್ದಾರೆ, ಹಾಗಾಗಿ ಟಿಕೆಟ್ ಮಾಡುವ ಮೊದಲು ಒಮ್ಮೆ ನೋಡಿಕೊಳ್ಳಿ. ಇಳಿಯುವುದಕ್ಕೆ ಮೊದಲಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ವಾಪಸ್ ಟಿಕೆಟ್ ಕೈಲಿರಲಿ.

ಎಲ್ಲಿ ಉಳಿದುಕೊಂಡರೆ ಒಳ್ಳೇದು?

ಬೀಚ್ ಬೇಕು ಅಂತ ಬಟು ಫೆರಿಂಗಿ ಕಡೆ ರೂಮ್ ಮಾಡಬೇಡಿ. ಅದು ರೆಸಾರ್ಟ್‌ಗಳ ಸಾಲು, ಊರಿನ ಜನ ಸಿಗುವ ಜಾಗವಲ್ಲ. ಹಳೇ ಪಟ್ಟಣದ ಒಳಗೇ ಇರಿ. ಚೂಲಿಯಾ ಸ್ಟ್ರೀಟ್, ಲವ್ ಲೇನ್ ಸುತ್ತ ಅಗ್ಗದ ಹಾಸ್ಟೆಲ್‌ಗಳು ಬೇಕಾದಷ್ಟಿವೆ. ಲವ್ ಲೇನ್‌ನಲ್ಲಿ ರಾತ್ರಿ ಬಾರ್‌ಗಳ ಗಲಾಟೆ. ನಿದ್ದೆ ಮುಖ್ಯ ಅಂದರೆ ಒಂದೆರಡು ಬೀದಿ ದಾಟಿ ಮುಂತ್ರಿ ಸ್ಟ್ರೀಟ್ ಕಡೆ ನೋಡಿ.

ಎಷ್ಟೋ ಹಾಸ್ಟೆಲ್‌ಗಳು ಹಳೇ ಅಂಗಡಿ-ಮನೆಗಳಲ್ಲೇ ಇವೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಗಾಳಿ ಬೆಳಕಿಗೆ ತೆರೆದ ಅಂಗಳ. ನಮ್ಮ ತೊಟ್ಟಿ ಮನೆ ನೋಡಿದವರಿಗೆ ಒಳಗೆ ಕಾಲಿಟ್ಟ ಕೂಡಲೇ ಗುರುತು ಹತ್ತುತ್ತದೆ. ವಿದೇಶಿಯರಿಂದ ರೂಮಿಗೆ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆ ಬೇರೆ ಕೇಳುತ್ತಾರೆ. ಅದು ಸರ್ಕಾರದ್ದು, ಜಗಳ ಆಡಬೇಡಿ.

ಊರೊಳಗೆ ಓಡಾಡೋದು?

ಕಾಲ್ನಡಿಗೆ. ಹಳೇ ಪಟ್ಟಣದಲ್ಲಿ ಬೇರೆ ಏನೂ ಬೇಕಾಗಿಲ್ಲ. ಅಂಗಡಿಗಳ ಮುಂದೆ ಚಾವಣಿ ಇರುವ ಜಗಲಿ ಹಾದಿ ಇರುತ್ತದೆ, ಕಾಕಿ ಲೀಮಾ ಅನ್ನುತ್ತಾರೆ. ಬಿಸಿಲು, ಮಳೆ ಎರಡಕ್ಕೂ ಅದೇ ಆಸರೆ. ಕೆಲವು ಕಡೆ ಸ್ಕೂಟರ್, ಹೂವಿನ ಕುಂಡ, ಹೊಲಿಗೆ ಮಿಷನ್ ಎಲ್ಲ ಅದರ ಮೇಲೇ ಇರುತ್ತವೆ, ಆಗ ಬೀದಿಗೆ ಇಳಿಯಬೇಕಾಗುತ್ತದೆ.

ದೂರ ಹೋಗುವುದಕ್ಕೆ ರ‍್ಯಾಪಿಡ್ ಪೆನಾಂಗ್ ಬಸ್ಸು. ಫೆರಿ ಬಂದು ನಿಲ್ಲುವ ಜೆಟ್ಟಿ ಮತ್ತು ಕಾಮ್ತಾರ್ ಎರಡು ಮುಖ್ಯ ನಿಲ್ದಾಣ. 204 ಪೆನಾಂಗ್ ಹಿಲ್‌ಗೆ, 101 ಕಡಲ ದಂಡೆ ಗುಂಟ ತೆಲುಕ್ ಬಹಾಂಗ್‌ಗೆ, 401 ವಿಮಾನ ನಿಲ್ದಾಣದ ಕಡೆಗೆ. ಚಿಲ್ಲರೆ ವಾಪಸ್ ಕೊಡುವುದಿಲ್ಲ, ಸರಿಯಾದ ದುಡ್ಡು ಇಟ್ಟುಕೊಳ್ಳಿ. ರಾತ್ರಿ ಹೊತ್ತು ಟ್ಯಾಕ್ಸಿ ಕರೆಯುವ ಗ್ರ್ಯಾಬ್ ಆ್ಯಪ್ ಸಾಕು.

ಅಲ್ಲಿನ ಜನರನ್ನು ಮಾತಾಡಿಸೋದು ಹೇಗೆ? ನನಗೆ ಸಂಕೋಚ ಜಾಸ್ತಿ.

ಎಲ್ಲರಿಗೂ ನಿಜವಾಗಿ ಬೇಕಾದ ಉತ್ತರ ಇದು. ಸಂಕೋಚ ಇರುವವರಿಗೆ ಜಾರ್ಜ್ ಟೌನ್‌ನಷ್ಟು ಅನುಕೂಲದ ಊರು ನಾನು ಕಂಡಿಲ್ಲ. ಯಾಕೆಂದರೆ ಇಲ್ಲಿ ಮಾತು ನೀವು ಶುರುಮಾಡಬೇಕಾಗಿಲ್ಲ. ನೀವು ಕೂತಿರಬೇಕು, ಅಷ್ಟೇ.

ಒಂದು ಕೊಪಿಟಿಯಾಮ್ ಆರಿಸಿಕೊಳ್ಳಿ. ಕೊಪಿಟಿಯಾಮ್ ಅಂದರೆ ಹಳೇ ಕಾಲದ ಕಾಫಿ ಅಂಗಡಿ. ಅಮೃತಶಿಲೆಯ ದುಂಡು ಮೇಜು, ಮರದ ಕುರ್ಚಿ, ಮೇಲೆ ನಿಧಾನಕ್ಕೆ ತಿರುಗುವ ಫ್ಯಾನು. ಬೆಳಿಗ್ಗೆ ಏಳೂವರೆಗೆ ಹೋಗಿ. ಒಳಗೆ ಒಬ್ಬರು ಅಂಕಲ್ ಉದ್ದ ಮೂತಿಯ ತಗಡಿನ ಪಾತ್ರೆಯೊಳಗೆ ಬಟ್ಟೆಯ ಸೋಸುಚೀಲ ಇಳಿಬಿಟ್ಟು, ಬಿಸಿನೀರು ಹೊಯ್ದು, ಎತ್ತಿ ಇನ್ನೊಂದು ಪಾತ್ರೆಗೆ ಸುರಿದು, ಮತ್ತೆ ಮೊದಲಿನದಕ್ಕೆ ಸುರಿಯುತ್ತಿರುತ್ತಾರೆ. ಲೋಟದ ತಳದಲ್ಲಿ ಕಂಡೆನ್ಸ್‌ಡ್ ಹಾಲು ಮೊದಲೇ ಕೂತಿರುತ್ತದೆ. ಅದರ ಮೇಲೆ ಕಾಫಿ ಬಿದ್ದಾಗ ಕಪ್ಪು, ಬಿಳಿ ಎರಡು ಪದರ ಆಗುತ್ತದೆ, ಚಮಚದಲ್ಲಿ ಕಲಕಬೇಕು. ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಹುರಿಯುವುದರಿಂದ ಚಿಕ್ಕಮಗಳೂರು ಕಾಫಿ ಕುಡಿದ ನಾಲಿಗೆಗೆ ಮೊದಲ ಗುಟುಕು ಸ್ವಲ್ಪ ಸೀದ ಹಾಗೆ ಅನಿಸಬಹುದು. ಮೂರನೇ ಗುಟುಕಿಗೆ ಹಿಡಿಸುತ್ತದೆ. ಕೊಪಿ ಅಂದರೆ ಹಾಲು ಸಕ್ಕರೆ ಎರಡೂ ಇರುತ್ತದೆ, ಕೊಪಿ ಓ ಅಂದರೆ ಹಾಲಿಲ್ಲ, ಕೊಪಿ ಓ ಕೊಸೊಂಗ್ ಅಂದರೆ ಸಕ್ಕರೆಯೂ ಇಲ್ಲ.

ಮೊದಲ ದಿನ ನಿಮ್ಮನ್ನು ಯಾರೂ ನೋಡುವುದಿಲ್ಲ. ಮಾರನೇ ದಿನ ಅದೇ ಹೊತ್ತಿಗೆ, ಅದೇ ಅಂಗಡಿಗೆ ಹೋಗಿ, ಅದನ್ನೇ ಕೇಳಿ. ಅದರ ಮಾರನೇ ದಿನ ನೀವು ಬಾಯಿ ತೆರೆಯುವ ಮೊದಲೇ ಲೋಟ ಬರುತ್ತದೆ. ಅಲ್ಲಿಂದಾಚೆಗೆ ಪಕ್ಕದ ಮೇಜಿನವರು ಯಾವ ಊರು, ಏನು ಕೆಲಸ, ಮದುವೆ ಆಗಿದೆಯಾ, ರೂಮಿಗೆ ಎಷ್ಟು ಕೊಡುತ್ತಿದ್ದೀಯ ಅಂತ ಒಂದೊಂದಾಗಿ ಕೇಳುತ್ತಾರೆ. ಅದು ಅಲ್ಲಿ ಆತ್ಮೀಯತೆ, ಮೂಗು ತೂರಿಸುವುದಲ್ಲ. ನಮ್ಮ ಊರುಗಳಲ್ಲೂ ಹಾಗೇ ಅಲ್ವಾ?

ನೀವು ಕೇಳಬೇಕಾದ ಪ್ರಶ್ನೆ ಒಂದಿದೆ: "ನಿಮ್ಮ ಪ್ರಕಾರ ಒಳ್ಳೇ ಲಕ್ಸಾ ಎಲ್ಲಿ ಸಿಗುತ್ತದೆ?" ಲಕ್ಸಾ ಅಂದರೆ ಹುಳಿಖಾರದ ಸಾರಿನಲ್ಲಿ ಕೊಡುವ ನೂಡಲ್ಸ್. ಪೆನಾಂಗ್ ಜನರಿಗೆ ತಿಂಡಿ ಅಂದರೆ ಅಭಿಮಾನದ ವಿಷಯ. ಒಬ್ಬರು ಒಂದು ಅಂಗಡಿ ಹೇಳುತ್ತಾರೆ, ಪಕ್ಕದವರು "ಅಲ್ಲಿ ಈಗ ಮಗ ಮಾಡ್ತಾನೆ, ಅಪ್ಪನ ಕೈರುಚಿ ಇಲ್ಲ" ಅನ್ನುತ್ತಾರೆ, ಮೂರನೆಯವರು ಕಾಗದ ತೆಗೆದು ದಾರಿ ಬರೆದುಕೊಡುತ್ತಾರೆ. ಅವರು ಹೇಳಿದ ಕಡೆ ಹೋಗಿಬನ್ನಿ, ಮಾರನೇ ದಿನ ಹೇಗಿತ್ತು ಅಂತ ತಿಳಿಸಿ. ಪರಿಚಯ ಗಟ್ಟಿಯಾಗುವುದು ಅಲ್ಲಿಂದಲೇ. ಸಸ್ಯಾಹಾರಿಯಾದರೆ ಲಕ್ಸಾ ಬದಲು ಚೆಂಡೋಲ್ ಅನ್ನುವ ತಣ್ಣನೆಯ ಸಿಹಿತಿಂಡಿ ಬಗ್ಗೆ ಕೇಳಿ, ಅಷ್ಟೇ ಬಿಸಿ ಚರ್ಚೆ ಆಗುತ್ತದೆ.

ಭಾಷೆ ತೊಂದರೆ ಆಗಲ್ವಾ?

ಇಂಗ್ಲಿಷ್ ಚೆನ್ನಾಗಿ ನಡೆಯುತ್ತದೆ. ಚೀನೀಯರು ತಮ್ಮತಮ್ಮಲ್ಲಿ ಫುಜಿಯಾನ್ ಕಡೆಯ ಮಾತಾದ ಪೆನಾಂಗ್ ಹೊಕ್ಕಿಯನ್ ಆಡುತ್ತಾರೆ, ಮಲಯ್ ಎಲ್ಲರಿಗೂ ಬರುತ್ತದೆ. ಲಿಟಲ್ ಇಂಡಿಯಾದಲ್ಲಿ ತಮಿಳು. ಬೆಂಗಳೂರಿನಲ್ಲಿ ಕಲಿತ ಅರೆಬರೆ ತಮಿಳು ಇದ್ದರೂ ಧಾರಾಳವಾಗಿ ಬಳಸಿ, ಖುಷಿಪಡುತ್ತಾರೆ.

ಹೆಸರು ಗೊತ್ತಿಲ್ಲದಿದ್ದರೂ ಕರೆಯುವ ರೀತಿ ಮುಖ್ಯ. ವಯಸ್ಸಾದ ಚೀನೀಯರಿಗೆ ಅಂಕಲ್, ಆಂಟಿ. ತಮಿಳರಿಗೆ ಅಣ್ಣೆ, ಅಕ್ಕಾ. ಮಲಯ್ ಹಿರಿಯರಿಗೆ ಪಾಕ್‌ಚಿಕ್, ಮಾಕ್‌ಚಿಕ್. ನಮ್ಮ ವಯಸ್ಸಿನವರಾದರೆ ಅಬಾಂಗ್, ಕಾಕ್. ಧನ್ಯವಾದಕ್ಕೆ ಮಲಯ್‌ನಲ್ಲಿ ತೆರಿಮಾ ಕಾಸಿ, ಹೊಕ್ಕಿಯನ್‌ನಲ್ಲಿ ಕಾಮ್ ಸಿಯಾ. ಪಾರ್ಸೆಲ್‌ಗೆ ತಾಪಾವ್. ಇಷ್ಟು ಸಾಕು.

ನಾನು ಸಸ್ಯಾಹಾರಿ. ಬದುಕಬಹುದಾ?

ಆರಾಮಾಗಿ, ಆದರೆ ಎಚ್ಚರ ಬೇಕು. ಬೀದಿ ತಿಂಡಿಯಲ್ಲಿ ಕಣ್ಣಿಗೆ ಕಾಣದ ಮಾಂಸಾಹಾರ ಬಹಳ. ಚಾರ್ ಕೊಯ್ ತ್ಯಾವ್ ಅನ್ನುವ ಹುರಿದ ಅಕ್ಕಿ ನೂಡಲ್ಸ್‌ನಲ್ಲಿ ಸಿಗಡಿ ತೆಗೆಸಿದರೂ ಹಂದಿ ಕೊಬ್ಬು ಇರಬಹುದು. ಅಸಾಮ್ ಲಕ್ಸಾದ ಸಾರೇ ಮೀನಿನದು. ರೋಜಾಕ್ ಅಂದರೆ ಹಣ್ಣಿನ ಸಲಾಡ್ ತಾನೇ ಅಂತ ತಿನ್ನಬೇಡಿ, ಅದರ ಕಪ್ಪು ಸಾಸ್ ಸಿಗಡಿಯದು. ಸಂಬಾಲ್ ಖಾರದಲ್ಲಿ ಬೆಲಚಾನ್ ಅನ್ನುವ ಒಣ ಸಿಗಡಿ ಪೇಸ್ಟ್ ಇರುತ್ತದೆ. "ಮಾಂಸ ಬೇಡ" ಅಂದರೆ ಮೀನು, ಸಿಗಡಿ ಅದರಲ್ಲಿ ಸೇರಿಲ್ಲ ಅಂದುಕೊಳ್ಳುತ್ತಾರೆ. ಒಂದೊಂದನ್ನೂ ಹೆಸರು ಹೇಳಿ ಕೇಳಿ.

ನಿಶ್ಚಿಂತೆಯಿಂದ ತಿನ್ನಬಹುದಾದ ಜಾಗ ಎರಡು ಬಗೆ. ಒಂದು, ಲಿಟಲ್ ಇಂಡಿಯಾದ ಸಸ್ಯಾಹಾರಿ ಹೋಟೆಲ್‌ಗಳು. ಬಾಳೆ ಎಲೆ ಊಟ, ದೋಸೆ, ಇಡ್ಲಿ ಎಲ್ಲ ಸಿಗುತ್ತದೆ. ಎರಡು, ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳು. ಇವನ್ನು ನಮ್ಮವರು ಗಮನಿಸುವುದೇ ಇಲ್ಲ, ಅದು ನನಗೆ ಬೇಜಾರು. ಇಲ್ಲಿ ಸಾಮಾನ್ಯವಾಗಿ ಈರುಳ್ಳಿ, ಬೆಳ್ಳುಳ್ಳಿಯೂ ಹಾಕುವುದಿಲ್ಲ. ಹತ್ತಾರು ಬಗೆಯ ಪಲ್ಯ, ತೋಫು, ಅಣಬೆ, ಸೋಯಾದಲ್ಲಿ ಮಾಡಿದ ಮಾಂಸದಂಥ ತುಂಡುಗಳು ಸಾಲಾಗಿ ಇಟ್ಟಿರುತ್ತಾರೆ. ಅನ್ನದ ತಟ್ಟೆ ಹಿಡಿದು ಬೇಕಾದ್ದು ಬಡಿಸಿಕೊಂಡರೆ ಆಂಟಿ ಕಣ್ಣಳತೆಯಲ್ಲೇ ಬೆಲೆ ಹೇಳುತ್ತಾರೆ. ಚೀನೀ ತಿಂಗಳಿನ ಒಂದನೇ ಮತ್ತು ಹದಿನೈದನೇ ದಿನ, ಅಂದರೆ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ, ಎಷ್ಟೋ ಮನೆಗಳವರು ಮಾಂಸ ಬಿಡುತ್ತಾರೆ. ಅವತ್ತು ಈ ಅಂಗಡಿಗಳಲ್ಲಿ ಕೂರಲು ಜಾಗ ಇರುವುದಿಲ್ಲ. ಪಕ್ಕ ಕೂತವರು "ನೀನೂ ವ್ರತನಾ?" ಅಂತ ಕೇಳಿದರೆ ಅಲ್ಲಿಗೆ ಮಾತು ಶುರು.

ಪರೋಟದಂಥ ರೊಟಿ ಚನಾಯ್ ಜೊತೆ ಕೊಡುವ ಸಾರು ಕೋಳಿ ಅಥವಾ ಮೀನಿನದಾಗಿರಬಹುದು, ಬೇಳೆ ಸಾರೇ ಬೇಕು ಅಂತ ಹೇಳಿ. ಚೆಂಡೋಲ್‌ಗೆ ಭಯ ಬೇಡ: ತೆಂಗಿನ ಹಾಲು, ತಾಳೆ ಬೆಲ್ಲ, ಹಸಿರು ಅಕ್ಕಿಹಿಟ್ಟಿನ ಎಳೆ, ಕೆಂಪು ಅಲಸಂದೆಯಂಥ ಕಾಳು, ಪುಡಿ ಐಸು.

ಮಾಂಸ ತಿನ್ನುವವರು ಏನು ಬಿಡಬಾರದು?

ನಾಸಿ ಕಂದಾರ್. ತಮಿಳು ಮುಸ್ಲಿಮರು ಕಾವಡಿಯಂಥ ಕೋಲಿನ ಒಂದು ತುದಿಗೆ ಅನ್ನ, ಇನ್ನೊಂದಕ್ಕೆ ಸಾರು ತೂಗುಹಾಕಿಕೊಂಡು ಬಂದರಿನ ಕೂಲಿಯವರಿಗೆ ಮಾರುತ್ತಿದ್ದ ಊಟ ಇದು. ಈಗ ಅಂಗಡಿಗಳಾಗಿವೆ. "ಬಂಜಿರ್" ಅಂದರೆ ನಾಲ್ಕೈದು ಬಗೆಯ ಸಾರನ್ನು ಒಟ್ಟಿಗೆ ಅನ್ನದ ಮೇಲೆ ಸುರಿಯುತ್ತಾರೆ. ಹಾಗೇ ತಿನ್ನಬೇಕು.

ಹಾಕರ್ ಸೆಂಟರ್‌ನಲ್ಲಿ ಹೇಗೆ ಆರ್ಡರ್ ಮಾಡೋದು?

ಹಾಕರ್ ಸೆಂಟರ್ ಅಂದರೆ ಹಲವು ತಿಂಡಿ ಅಂಗಡಿಗಳು ಒಂದೇ ಕಡೆ ಇರುವ ಜಾಗ. ಮೊದಲು ಮೇಜು ಹಿಡಿಯಿರಿ, ಮೇಜಿನ ನಂಬರ್ ನೋಡಿಕೊಳ್ಳಿ. ಬೇಕಾದ ಅಂಗಡಿಗೆ ಹೋಗಿ ತಿಂಡಿ ಮತ್ತು ಮೇಜಿನ ನಂಬರ್ ಹೇಳಿ ವಾಪಸ್ ಬನ್ನಿ. ತಂದುಕೊಟ್ಟಾಗ ದುಡ್ಡು. ಜಾಗ ಕೊಟ್ಟವರ ಸಂಪಾದನೆ ಕಾಫಿ, ಜ್ಯೂಸ್‌ನಿಂದ, ಹಾಗಾಗಿ ಒಂದು ಪಾನೀಯ ತಗೊಳ್ಳುವುದು ಮರ್ಯಾದೆ. ಹಲಾಲ್ ಅಂಗಡಿಯ ಮೇಜಿಗೆ ಬೇರೆ ಕಡೆಯ ಹಂದಿಮಾಂಸದ ತಟ್ಟೆ ತರಬೇಡಿ.

ಒಲೆಯ ಮುಂದೆ ನಿಂತವರನ್ನು ಗಮನಿಸಿ, ಬಹಳ ಮಂದಿ ವಯಸ್ಸಾದವರು. ಊರಿನ ಪ್ರಸಿದ್ಧ ತಿಂಡಿಗಳನ್ನು ಬೀದಿ ಅಂಗಡಿಯಲ್ಲಿ ವಿದೇಶಿ ಅಡುಗೆಯವರು ಮಾಡಬಾರದು ಅಂತ ರಾಜ್ಯ ಸರ್ಕಾರ 2016ರಿಂದ ನಿಯಮ ಮಾಡಿದೆ. ತಟ್ಟೆಗೊಂದು ಸಲ ಬಾಣಲೆ ಕಾಯಿಸಿ ಒಂದೊಂದಾಗಿ ಮಾಡುವ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕಾಯಬೇಕಾಗಬಹುದು. ಕಾಯಿರಿ. ಬೇಗ ಮಾಡಿ ಅನ್ನಬೇಡಿ.

ನೀರಿನ ಮೇಲಿನ ಜೆಟ್ಟಿ ಮನೆಗಳ ಒಳಗೆ ಹೋಗಬಹುದಾ?

ಹಲಗೆ ಹಾದಿಯಲ್ಲಿ ನಡೆಯಬಹುದು. ಮನೆಯೊಳಗೆ ಇಣುಕಬಾರದು. ಚ್ಯೂ, ಲಿಮ್, ತಾನ್, ಲೀ, ಯೋ ಹೀಗೆ ಒಂದೊಂದು ಜೆಟ್ಟಿ ಒಂದೊಂದು ಮನೆತನದವರದ್ದು. ಬಂದರಿನ ಕೆಲಸಕ್ಕೆ ಫುಜಿಯಾನ್‌ನಿಂದ ಬಂದವರು ಕಡಲಿಗೇ ಕಂಬ ನೆಟ್ಟು ಕಟ್ಟಿಕೊಂಡ ಮನೆಗಳು. 2006ರಲ್ಲಿ ಎರಡು ಜೆಟ್ಟಿಗಳನ್ನು ಕೆಡವಿದರು. ಉಳಿದವುಗಳಲ್ಲಿ ಇಂದಿಗೂ ಸಂಸಾರಗಳಿವೆ. ಬಾಗಿಲ ಮುಂದೆ ದೇವರ ಗೂಡು, ಒಳಗೆ ಟಿವಿ ನೋಡುತ್ತಾ ಕೂತ ಅಜ್ಜಿ, ಹಗ್ಗದ ಮೇಲೆ ಒಗೆದ ಬಟ್ಟೆ. ಹಲಗೆ ಮೇಲೆ ನೀವು ಇಡುವ ಒಂದೊಂದು ಹೆಜ್ಜೆಯೂ ಒಳಗೆ ಕೇಳುತ್ತದೆ. ರಾತ್ರಿ ಒಂಬತ್ತರ ಮೇಲೆ ಬರಬೇಡಿ ಅಂತ ಬೋರ್ಡ್ ಹಾಕಿದ್ದಾರೆ. ಚ್ಯೂ ಜೆಟ್ಟಿಯಲ್ಲಿ ಅಂಗಡಿಗಳ ಗದ್ದಲ ಜಾಸ್ತಿ. ಮಾತುಕತೆ ಬೇಕಾದರೆ ಸಂಜೆ ಐದರ ಮೇಲೆ ಬೇರೆ ಜೆಟ್ಟಿಗೆ ಹೋಗಿ, ತುದಿಯಲ್ಲಿ ಗಾಳಿಗೆ ಕೂತ ಹಿರಿಯರಿಗೆ ತಲೆಬಾಗಿ ನಮಸ್ಕರಿಸಿ. ಅವರು ಕರೆದರೆ ಕೂತುಕೊಳ್ಳಿ, ಕರೆಯದಿದ್ದರೆ ಸುಮ್ನೆ ಕಡಲು ನೋಡಿ ಬನ್ನಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹಳೇ ಪಟ್ಟಣದ ಬಾಡಿಗೆಗಳಿಗೆ ಮೊದಲು ಕಾಯ್ದೆಯ ಕಡಿವಾಣ ಇತ್ತು. 1997ರಲ್ಲಿ ಆ ಕಾಯ್ದೆ ರದ್ದಾಗಿ, 2000ದ ಆರಂಭದಿಂದ ಬಾಡಿಗೆ ಮಾಲೀಕರ ಇಚ್ಛೆಗೆ ಬಿಟ್ಟಿತು. ತಲೆಮಾರುಗಳಿಂದ ಕಡಿಮೆ ಬಾಡಿಗೆಗೆ ಇದ್ದ ಬುಟ್ಟಿ ಹೆಣೆಯುವವರು, ಅಗರಬತ್ತಿ ಮಾಡುವವರು, ಬೋರ್ಡ್ ಕೆತ್ತುವವರು ಊರ ಹೊರಗೆ ಹೋಗಬೇಕಾಯಿತು. ಪರಂಪರೆ ಪಟ್ಟ ಸಿಕ್ಕ ಮೇಲೆ ಖಾಲಿ ಮನೆಗಳಿಗೆ ಹೋಟೆಲ್, ಕೆಫೆ ಬಂದವು. ಬಣ್ಣ ಬಳಿದ ಗೋಡೆಗಳು ಉಳಿದು, ಒಳಗಿನ ಜನ ಹೋದರೆ ನೋಡುವುದಕ್ಕೆ ಏನಿದೆ? ಈಗಲೂ ಅಂಗಡಿ ಇಟ್ಟುಕೊಂಡು ಕೂತವರ ಹತ್ತಿರ ಏನಾದರೂ ಕೊಳ್ಳಿ. ಐದು ರಿಂಗಿಟ್‌ನದ್ದಾದರೂ ಸರಿ.

ಗೋಡೆ ಚಿತ್ರಗಳು ಎಲ್ಲಿವೆ?

ಅರ್ಮೇನಿಯನ್ ಸ್ಟ್ರೀಟ್ ಸುತ್ತಮುತ್ತ. ಲಿಥುವೇನಿಯಾದ ಎರ್ನೆಸ್ಟ್ ಜಕರೆವಿಚ್ 2012ರಲ್ಲಿ ಬಿಡಿಸಿದವು ಹೆಚ್ಚು ಪ್ರಸಿದ್ಧ, ಸೈಕಲ್ ಮೇಲಿನ ಇಬ್ಬರು ಮಕ್ಕಳ ಚಿತ್ರಕ್ಕೆ ಸದಾ ಸಾಲು. ಬೆಳಿಗ್ಗೆ ಎಂಟಕ್ಕೆ ಮುಂಚೆ ಮುಗಿಸಿಬಿಡಿ.

ದೇವಸ್ಥಾನ, ಮಸೀದಿಗೆ ಎಲ್ಲರನ್ನೂ ಬಿಡುತ್ತಾರಾ?

ಬಿಡುತ್ತಾರೆ. ಒಂದೇ ರಸ್ತೆ ಹಿಡಿದು ನಡೆದರೆ 1818ರ ಸೇಂಟ್ ಜಾರ್ಜ್ ಚರ್ಚ್, ಧೂಪದ ಹೊಗೆ ತುಂಬಿದ ಕರುಣಾದೇವಿ ಗುಡಿ, ತಮಿಳು ಮುಸ್ಲಿಂ ವರ್ತಕರು ಕಟ್ಟಿಸಿದ ಕಪಿತಾನ್ ಕೆಲಿಂಗ್ ಮಸೀದಿ ಸಿಗುತ್ತವೆ. 1833ರ ಮಹಾಮಾರಿಯಮ್ಮನ್ ಗುಡಿ ಪಕ್ಕದ ಬೀದಿಯಲ್ಲೇ ಇದೆ. ಮಸೀದಿಗೆ ನಮಾಜಿನ ಹೊತ್ತು ಬಿಟ್ಟು ಹೋಗಿ, ಮೈ ಮುಚ್ಚುವ ನಿಲುವಂಗಿ ಅಲ್ಲೇ ಕೊಡುತ್ತಾರೆ.

ಒಬ್ಬಳೇ ಹೋಗುತ್ತಿದ್ದೇನೆ. ಸುರಕ್ಷಿತವೇ?

ಒಬ್ಬರೇ ಬಂದ ಹೆಣ್ಣುಮಕ್ಕಳು ಈ ಊರಲ್ಲಿ ಧಾರಾಳ ಕಾಣಸಿಗುತ್ತಾರೆ. ಹಾಕರ್ ಸೆಂಟರ್‌ಗಳಲ್ಲಿ ರಾತ್ರಿಯೂ ಸಂಸಾರವಂದಿಗರು ತುಂಬಿರುತ್ತಾರೆ. ಭಯ ಇರುವುದು ಬೈಕಿನಲ್ಲಿ ಬಂದು ಬ್ಯಾಗ್ ಕಿತ್ತುಕೊಂಡು ಹೋಗುವವರದ್ದು. ಚೀಲವನ್ನು ರಸ್ತೆ ಕಡೆಯ ಹೆಗಲಿಗೆ ಹಾಕಬೇಡಿ. ಬಾರ್ ಬೀದಿಗಳಿಂದ ತಡರಾತ್ರಿ ಒಬ್ಬರೇ ನಡೆದು ಬರುವ ಬದಲು ಗ್ರ್ಯಾಬ್ ಕರೆಯಿರಿ. ಪರಿಚಯವಾದವರ ಜೊತೆ ಸುತ್ತಾಡಲು ಹೋಗುವಾಗ ಹಾಸ್ಟೆಲ್‌ನಲ್ಲಿ ಒಂದು ಮಾತು ಹೇಳಿ ಹೋಗಿ. ಗಂಡಸರಿಗೂ ಇದೇ ಮಾತು. ಇನ್ನೊಂದು: ಮಾದಕ ವಸ್ತುವಿನ ಕಾನೂನು ಮಲೇಷ್ಯಾದಲ್ಲಿ ಬಹಳ ಕಠಿಣ. ಯಾರದೋ ಪೊಟ್ಟಣ ಕೈಯಲ್ಲಿ ಹಿಡಿಯಲೂಬೇಡಿ.

ಯಾರಾದರೂ ಮನೆಗೆ ಕರೆದರೆ?

ಹೋಗಿ. ಚಪ್ಪಲಿ ಹೊರಗೆ ಬಿಡಿ. ಹಣ್ಣು ಅಥವಾ ಬಿಸ್ಕತ್ತು ತಗೊಂಡು ಹೋಗಿ, ಮುಸ್ಲಿಂ ಮನೆಯಾದರೆ ಹಲಾಲ್ ಗುರುತು ನೋಡಿ. ಕೊಡುವುದು, ತಗೊಳ್ಳುವುದು ಬಲಗೈಯಲ್ಲಿ. ಬಡಿಸಿದ್ದನ್ನು ಪೂರ್ತಿ ತಿನ್ನಲಾಗದಿದ್ದರೂ ಸ್ವಲ್ಪ ರುಚಿ ನೋಡಿ. ಈದ್, ದೀಪಾವಳಿ, ಚೀನೀ ಹೊಸ ವರ್ಷದಲ್ಲಿ "ಓಪನ್ ಹೌಸ್" ಅಂತ ಜಾತಿ ಧರ್ಮ ನೋಡದೆ ಎಲ್ಲರನ್ನೂ ಕರೆಯುವ ಪದ್ಧತಿ ಇದೆ. ಪರಿಚಯದವರು ಕರೆದರೆ ತಪ್ಪಿಸಬೇಡಿ. ಜನಾಂಗ, ಧರ್ಮ, ರಾಜಕೀಯದ ಮಾತನ್ನು ಅವರಾಗಿ ಎತ್ತಿದರೆ ಕೇಳಿಸಿಕೊಳ್ಳಿ, ನೀವಾಗಿ ತೀರ್ಪು ಕೊಡಬೇಡಿ.

ಯಾವಾಗ ಹೋದರೆ ಚೆನ್ನ?

ಸೆಕೆ ವರ್ಷವಿಡೀ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜಾಸ್ತಿ, ಜನವರಿ, ಫೆಬ್ರವರಿ ಒಣ.

ನನ್ನನ್ನು ಕೇಳಿದರೆ ಹಬ್ಬ ನೋಡಿಕೊಂಡು ಹೋಗಿ. ಮುರುಗನ್ ದೇವರ ಹಬ್ಬ ತೈಪೂಸಂ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ. ಬೆಳ್ಳಿ ರಥ ಬರುವ ದಾರಿಯಲ್ಲಿ ತೆಂಗಿನಕಾಯಿ ರಾಶಿ ರಾಶಿ ಒಡೆಯುತ್ತಾರೆ, ಚೀನೀ ಭಕ್ತರೂ ಒಡೆಯುತ್ತಾರೆ. ಗುಡ್ಡದ ಮುರುಗನ್ ಗುಡಿಗೆ 513 ಮೆಟ್ಟಿಲು. ದಾರಿಯುದ್ದಕ್ಕೂ ಚಪ್ಪರ ಹಾಕಿ ಊಟ, ನೀರುಮಜ್ಜಿಗೆ ಉಚಿತವಾಗಿ ಕೊಡುತ್ತಾರೆ. ಚೀನೀ ಹೊಸ ವರ್ಷದ ಮೊದಲ ದಿನಗಳಲ್ಲಿ ಬಹಳ ಅಂಗಡಿ ಮುಚ್ಚಿರುತ್ತವೆ, ಅದರ ಬದಲು ಎಂಟನೇ ರಾತ್ರಿಗೆ ಹೋಗಿ. ಅವತ್ತು ಹೊಕ್ಕಿಯನ್ನರು ಸ್ವರ್ಗದ ದೊರೆ ಅನ್ನುವ ಜೇಡ್ ಚಕ್ರವರ್ತಿ ದೇವರ ಹುಟ್ಟುಹಬ್ಬ ಮಾಡುತ್ತಾರೆ. ಹಿಂದೆ ದಾಳಿ ಆದಾಗ ಕಬ್ಬಿನ ಗದ್ದೆಯಲ್ಲಿ ಅಡಗಿ ಬದುಕಿದೆವು ಅನ್ನುವುದು ಅವರ ಕಥೆ. ಹಾಗಾಗಿ ಪೂಜೆಯ ಮೇಜಿಗೆ ಬುಡಸಮೇತ ಕಬ್ಬಿನ ಜಲ್ಲೆ ಕಟ್ಟುತ್ತಾರೆ. ಚ್ಯೂ ಜೆಟ್ಟಿ ಮುಂದೆ ಮೇಜುಗಳ ಸಾಲು ರಸ್ತೆಯುದ್ದ ಹೋಗುತ್ತದೆ. ಸಸ್ಯಾಹಾರಿಗಳಿಗೆ ಒಂಬತ್ತು ಚಕ್ರವರ್ತಿ ದೇವರ ಹಬ್ಬಕ್ಕಿಂತ ಒಳ್ಳೇ ಸಮಯವಿಲ್ಲ. ಚೀನೀ ಒಂಬತ್ತನೇ ತಿಂಗಳಿನ ಮೊದಲ ಒಂಬತ್ತು ದಿನ, ಹೆಚ್ಚಾಗಿ ನಮ್ಮ ನವರಾತ್ರಿಯ ಹೊತ್ತಿಗೇ ಬರುತ್ತದೆ. ಹಳದಿ ಬಾವುಟ ಕಂಡಲ್ಲೆಲ್ಲ ಮಾಂಸವಿಲ್ಲದ ತಿಂಡಿ.

ಊರ ಹೊರಗೆ ಒಂದು ದಿನ ಹೋಗಬೇಕು ಅಂದರೆ?

ಎಲ್ಲರೂ ಪೆನಾಂಗ್ ಹಿಲ್‌ಗೆ ಹಳಿಗಾಡಿಯಲ್ಲಿ ಹೋಗುತ್ತಾರೆ, ನೀವೂ ಹೋಗಿ. ಆದರೆ ಇನ್ನೊಂದು ದಿನ ಇದ್ದರೆ ದ್ವೀಪದ ಹಿಂಬದಿಯ ಬಾಲಿಕ್ ಪುಲಾವ್‌ಗೆ ಬಸ್ ಹತ್ತಿ. ಗದ್ದೆ, ಜಾಯಿಕಾಯಿ ತೋಟ, ಡುರಿಯನ್ ಮರಗಳು, ಮಲಯ್ ಹಳ್ಳಿಗಳು. ಜೂನ್, ಜುಲೈ ಡುರಿಯನ್ ಸುಗ್ಗಿ. ರಸ್ತೆ ಬದಿಯಲ್ಲಿ ರಾಶಿ ಹಾಕಿಕೊಂಡು ಕೂತವರು ಹಣ್ಣು ತಟ್ಟಿ, ಮೂಸಿ, ಒಡೆದು ಕೊಡುತ್ತಾರೆ. ಅಲ್ಲೇ ಸ್ಟೂಲ್ ಮೇಲೆ ಕೂತು ತಿನ್ನಿ, ಹಾಸ್ಟೆಲ್‌ಗೆ ಮಾತ್ರ ತರಬೇಡಿ, ವಾಸನೆಗೆ ಒಳಗೆ ಬಿಡುವುದಿಲ್ಲ. ವಾಪಸ್ ಬರುವ ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ಡ್ರೈವರ್ ಹತ್ತಿರ ಕೇಳಿಟ್ಟುಕೊಳ್ಳಿ.

ಚೀಲದಲ್ಲಿ ಏನು ಮರೆಯಬಾರದು?

ಇಂಗ್ಲೆಂಡ್ ಮಾದರಿಯ ಮೂರು ಚಪ್ಪಟೆ ಕಾಲಿನ ಪ್ಲಗ್‌ಗೆ ಅಡಾಪ್ಟರ್. ಕೊಡೆ. ಬೇಗ ಬಿಚ್ಚಿ ಹಾಕಬಹುದಾದ ಚಪ್ಪಲಿ, ಗುಡಿ, ಮಸೀದಿ, ಮನೆ ಅಂತ ದಿನಕ್ಕೆ ಹತ್ತು ಸಲ ಬಿಡಬೇಕಾಗುತ್ತದೆ. ಮನೆಗೆ ಕರೆದವರಿಗೆ ಕೊಡಲು ನಾಲ್ಕೈದು ಸಣ್ಣ ಪೊಟ್ಟಣ ಮೈಸೂರು ಸ್ಯಾಂಡಲ್ ಸೋಪು. ತೂಕವೂ ಇಲ್ಲ, ಯಾವ ಧರ್ಮದವರಿಗೂ ಕೊಡಬಹುದು.